ಅರ್ಧಕ್ಕಿಂತ ಚೂರು ಹೆಚ್ಚು

ಜಾಗ್ರೆಬ್, ಎಂಬತ್ತೆರಡರ ಡಿಸೆಂಬರು.
ನೆಲಮಾಳಿಗೆಯ ಬಾಗಿಲಿಗೆ
ಗಾಜು ಊದುವ ಶ್ಟೆಫೆಕ್ ಅಂಟಿಸಿದ ಚೀಟಿ:
"ಮೆಲ್ಲಗೆ ಮುಚ್ಚಿ. ಒಳಗೆ ಬೆಳೆಯುತ್ತಿದೆ."

ಎಚ್ ಅಕ್ಷರದ ಕೊಳವೆ, ಅವನೇ ಊದಿದ್ದು.
ಒಂದು ಕಾಲಲ್ಲಿ ಕೊಡುವವಳು,
ಇನ್ನೊಂದರಲ್ಲಿ ಬೇಡುವವನು,
ಇಬ್ಬರದೂ ಹಳದಿ.
ನಡುವಿನ ಅಡ್ಡಗೊಳವೆಯಲ್ಲಿ ಮೂರು ವಾರ
ಯಾರ ಅವಸರಕ್ಕೂ ಕಿವಿಗೊಡದೆ
ಹಳದಿಗೆ ಹಳದಿ ಕೂಡಿ
ಕಪ್ಪಾಯಿತು:
ಕೂದಲೆಳೆಯಂಥ ಸೂಜಿ,
ಬೆಳಕಿಗೆ ತಿರುಗಿಸಿದರೆ ಲೋಹದ ಮಿನುಗು.

ತಾಮ್ರವಿಲ್ಲ ಇದರಲ್ಲಿ, ಕಬ್ಬಿಣವಿಲ್ಲ.
ಇಂಗಾಲ, ಗಂಧಕ, ಸಾರಜನಕ, ಜಲಜನಕ;
ಉರಿದರೆ ಹೊಗೆಯಾಗುವ ನಮ್ಮ ನಿಮ್ಮ ಸರಕೇ.
ಚಪ್ಪಟೆ ಅಣುಗಳು ಒಂದರ ಮೇಲೊಂದು
ವೀಳ್ಯದೆಲೆಯ ಕವಳೆಯಂತೆ, ಕೊಂಚ ವಾಲಿ.
ಕೊಡುವವರ ಕಂಬ ಬೇರೆ, ಕೊಳ್ಳುವವರ ಕಂಬ ಬೇರೆ.
ಒಬ್ಬೊಬ್ಬಳು ಕೊಟ್ಟದ್ದು
ಇಡೀ ಎಲೆಕ್ಟ್ರಾನಲ್ಲ,
ಅರ್ಧಕ್ಕಿಂತ ಚೂರು ಹೆಚ್ಚು.
ಪೂರ್ತಿ ಕೊಟ್ಟಿದ್ದರೆ ಉಪ್ಪಾಗಿ ಕೂತಿರುತ್ತಿತ್ತು, ಅಲ್ಲಾಡದೆ;
ಏನೂ ಕೊಡದಿದ್ದರೆ ಬರಿಯ ಬಣ್ಣದ ಪುಡಿ.
ಉಳಿಸಿಕೊಂಡದ್ದರಿಂದಲೇ ಹರಿವು.

ದುನ್ಯಾಳಿಗೆ ಈ ಲೆಕ್ಕ ಗೊತ್ತು.
ಸಂಬಳದಲ್ಲಿ ಅಮ್ಮನ ಕೈಗೆ ಅವಳಿಡುವುದೂ ಅಷ್ಟೇ.

ಸೂಕ್ಷ್ಮದರ್ಶಕದಡಿ ಉಸಿರು ಹಿಡಿದು
ಸೂಜಿಗೆ ನಾಲ್ಕು ಚಿನ್ನದ ತಂತಿ, ಬೆಳ್ಳಿಯ ಅಂಟು.
ಉದ್ದಕ್ಕೆ ಅಳೆದರೆ ಹೆದ್ದಾರಿ,
ಅಡ್ಡಕ್ಕೆ ಅಳೆದರೆ ಗೋಡೆ.
ಹೆದ್ದಾರಿ ಅಂದೆನೇ? ಅಲ್ಲ, ಕಾಲುಹಾದಿ:
ಹಿಂದಿನವ ಮುಂದಿನವನ ದಾಟುವಂತಿಲ್ಲ,
ಸರಿದು ನಿಲ್ಲೋಣವೆಂದರೆ ಬದಿಯೇ ಇಲ್ಲ,
ಒಬ್ಬ ಸೀನಿದರೆ ಸಾಲಿಗೆ ಸಾಲೇ ನಡುಗೀತು.

ಇದನ್ನೂ ಮೊನ್ನೆಯಷ್ಟೇ ಕಂಡಿದ್ದಾಳೆ,
ಇಲಿತ್ಸಾ ಬೀದಿಯಲ್ಲಿ, ಕಾಫಿಪುಡಿಯ ಸಾಲಿನಲ್ಲಿ.
ಅಮ್ಮ ಯಾಗೋಡಾ ಬೆಳಗಿನ ಐದಕ್ಕೇ ನಿಂತವಳು.
"ಮುಗೀತಂತೆ."
ಮಾತು ಬಾಯಿಂದ ಬಾಯಿಗೆ ಹಾರಿ
ಟ್ರಾಮ್ ನಿಲ್ದಾಣ ಮುಟ್ಟಿತು;
ಕಾಲುಗಳಿನ್ನೂ ಎರಡು ಹೆಜ್ಜೆ ಇಟ್ಟಿರಲಿಲ್ಲ.
ಸುದ್ದಿಯ ವೇಗ ಬೇರೆ, ಮೈಯ ವೇಗ ಬೇರೆ.
ಆ ಇಕ್ಕಟ್ಟಿನಲ್ಲಿ ಎಲೆಕ್ಟ್ರಾನೂ ಹೀಗೇ ಅಂತೆ:
ಅದರ ಗಿರಕಿಗೆ ಒಂದು ನಡಿಗೆ, ಹೊರೆಗೆ ಇನ್ನೊಂದು;
ಎರಡನ್ನೂ ಹೊತ್ತ ಒಂಟಿ ಜೀವ
ಹುಡುಕಿದರೂ ಸಿಗದು.

ರಾತ್ರಿ ಪಾಳಿ. ಹೀಲಿಯಂ ಹೊಗೆಯಾಡಿತು.
ಕಾಗದದ ಮೇಲೆ ಇಂಕಿನ ಪೆನ್ನು ಕೆಳಗಿಳಿಯುತ್ತ ಬಂತು,
ತಣ್ಣಗಾದಷ್ಟೂ ದಾರಿ ಸಲೀಸು.
ನೂರು ಕೆಲ್ವಿನ್. ಎಂಬತ್ತು.
ಟಕ್.
ಪೆನ್ನು ಹಾರಿ ಮೇಲೆ ಕೂತಿತು. ಎಲ್ಲೋ ಕಾಣದ ಬಿರುಕು.
ಒಂದೇ ದಾರಿಯ ಊರಿನಲ್ಲಿ
ಒಂದು ಬಿರುಕು ಸಾಕು.
ಇದು ನಾಲ್ಕನೆಯ ಸೂಜಿ.

ಐದನೆಯದಕ್ಕೆ ಅವಸರವೇ ಬೇಡ ಅಂದುಕೊಂಡಳು.
ಗಂಟೆಗೆ ಐದು ಡಿಗ್ರಿ,
ಎರಡು ಇರುಳು, ಎರಡು ಹಗಲು,
ಕುರ್ಚಿಯಲ್ಲೇ ನಿದ್ದೆ, ಬ್ರೆಡ್ಡು, ಒಂದು ಸೇಬು.
ಅರವತ್ತರ ಹತ್ತಿರ ಅದರ ಓಟ ನೋಡಬೇಕಿತ್ತು!
ಆಮೇಲೆ, ಐವತ್ತನಾಲ್ಕು, ಐವತ್ತಮೂರು,
ಸದ್ದಿಲ್ಲ, ಬಿರುಕಿಲ್ಲ,
ಗೆರೆ ತಾನಾಗಿ ಬಾಗಿ ಮೇಲೇರಿತು.
ಸಮನಾಗಿ ನಿಂತಿದ್ದ ಸಾಲು
ಚಳಿಗೆ ಅಲ್ಲಲ್ಲಿ ಒತ್ತಾಗಿ, ಅಲ್ಲಲ್ಲಿ ತೆಳುವಾಗಿ
ಅಲೆಯ ರೂಪದಲ್ಲೇ ಹೆಪ್ಪುಗಟ್ಟಿತ್ತು.
ಯಾರೂ ಅಡ್ಡ ನಿಲ್ಲಲಿಲ್ಲ.
ಒಬ್ಬರಿಗೊಬ್ಬರು ಹತ್ತಿರವಾದದ್ದೇ
ತಡೆಯಾಯಿತು.

ಮನೆಗೆ ಬಂದಾಗ ಕಪಾಟಿನ ಮೇಲೆ
ದುನ್ಯಾ ಹಣ್ಣುಗಳ ಹಳದಿ ಪರಿಮಳ;
ಅವಳ ಹೆಸರೇ ಆ ಹಣ್ಣಿನದು.
"ಓಡಿತಾ?" ಅಂದಳು ಅಮ್ಮ.
"ಓಡಿತು. ನಿಂತಿತು."
"ಹಾಗಾದರೆ ಕೆಟ್ಟಿತು."
"ಇಲ್ಲಮ್ಮ, ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಯಿತು."

ಅಮ್ಮ ಒಲೆಯತ್ತ ತಿರುಗಿ,
"ನಮ್ಮ ಸಾಲೂ ಇವತ್ತು ಮುಂದೆ ಹೋಗಲಿಲ್ಲ.
ಯಾರೋ ಗುರುತಿಲ್ಲದವಳು, ತನ್ನ ಶಾಲಿನ ಅರ್ಧ
ನನ್ನ ಭುಜಕ್ಕೆ ಹೊದಿಸಿದಳು.
ಹಾಗೇ ನಿಂತುಬಿಟ್ಟೆವು."

ಹುರಿದ ಬಾರ್ಲಿಯನ್ನು ಕುದಿಸಿ ಬಗ್ಗಿಸಿದಳು.
ಕಾಫಿಯಲ್ಲ.
ಕಪ್ಪಂತೂ ಹೌದು.